ಅರ್ಜಿಯಿಲ್ಲದ ಊರು

ಆನಂದಪ್ಪನಿಗೆ ಸರ್ಕಾರ ಮೊದಲು ವಹಿಸಿದ ಕೆಲಸ ಗೊಬ್ಬರದ ಗುಂಡಿ ತೋಡಿಸುವುದು. ಸೊರಬ ತಾಲ್ಲೂಕಿನ ಬಿದರಗೊಪ್ಪದ ರೈತರು ತಲೆಮಾರುಗಳಿಂದ ತಿಪ್ಪೆ ಹಾಕಿಕೊಂಡೇ ಬಂದವರು. ಆ ತಿಪ್ಪೆಯನ್ನು ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಗುಂಡಿಗೆ ಹಾಕಿದರೆ ಮಾತ್ರ ಅದು ಗೊಬ್ಬರವಾಗುತ್ತದೆ ಎಂದು ತಿಳಿಸಲು ಶಿಕಾರಿಪುರದಿಂದ ಒಬ್ಬ ಗ್ರಾಮಸೇವಕ ಸೈಕಲ್ಲು ತುಳಿದುಕೊಂಡು ಬರಬೇಕಾಯಿತು. ಊರಲ್ಲೇ ಬಿಡಾರ ಹೂಡಿ ಎರಡು ವರ್ಷ ಅವನು ಗುಂಡಿ ಅಳೆದ. ಊರಿನವರು ಅವನನ್ನು ಪ್ರೀತಿಯಿಂದ ‘ಗೊಬ್ಬರದ ಸ್ವಾಮಿ’ ಎಂದು ಕರೆದರು. ಸಾವಿರದ ಒಂಬೈನೂರ ಐವತ್ತೆಂಟರ ಯುಗಾದಿಯ ಹೊತ್ತಿಗೆ ಸರ್ಕಾರಕ್ಕೆ ಗೊಬ್ಬರ ಸಾಕಾಯಿತು, ಶಾಂತಿ ಬೇಕಾಯಿತು. ಆನಂದಪ್ಪನನ್ನು ಹೊಸದಾಗಿ ಹುಟ್ಟಿದ ಗ್ರಾಮಸಾಮರಸ್ಯ ಯೋಜನೆಗೆ ಎರವಲು ಕೊಡಲಾಯಿತು.

ಯೋಜನೆಯ ಮೊದಲ ಸಭೆ ಶಿಕಾರಿಪುರದ ಒಂದು ಛತ್ರದಲ್ಲಿ ಸೇರಿತು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಗ್ರಾಮಸೇವಕರು, ಪಟೇಲರು, ಶಾನುಭೋಗರು ಚಾಪೆಯ ಮೇಲೆ ಕೂತಿದ್ದರು. ಕುರ್ಚಿಯ ಮೇಲೆ ಯೋಜನೆಯ ಅಧಿಕಾರಿ ಶಿವಮೂರ್ತಪ್ಪನವರು, ಚೈತ್ರದ ಧಗೆಯಲ್ಲೂ ಉಣ್ಣೆಯ ಕೋಟು ಬಿಚ್ಚದೆ ಕೂತಿದ್ದರು. ಅವರು ಎದ್ದು ಸುತ್ತೋಲೆ ಓದಿದರು. ಹಳ್ಳಿಗಳ ಏಳಿಗೆಗೆ ದೊಡ್ಡ ಅಡ್ಡಿಯೆಂದರೆ ಜಗಳ. ಆದ್ದರಿಂದ ಸರ್ಕಾರ ಜಗಳವನ್ನು ನಿಲ್ಲಿಸಲು ತೀರ್ಮಾನಿಸಿದೆ. ದೀಪಾವಳಿಯ ದಿನ ಯಾವ ಗ್ರಾಮದ ಹೆಸರಿನಲ್ಲಿ ಒಂದೇ ಒಂದು ಅರ್ಜಿಯೂ ಬಾಕಿ ಇರುವುದಿಲ್ಲವೋ ಆ ಗ್ರಾಮಕ್ಕೆ ಒಂದು ಸೇತುವೆ, ಸೇತುವೆಯಿಂದ ಊರ ಬಾಗಿಲ ತನಕ ಜಲ್ಲಿ ರಸ್ತೆ. ಒಂದಕ್ಕಿಂತ ಹೆಚ್ಚು ಗ್ರಾಮಗಳು ಸರಿಸಮ ನಿಂತರೆ, ಹಿಂದಿನ ಹತ್ತು ವರ್ಷದಲ್ಲಿ ಯಾವುದರಿಂದ ಕಡಿಮೆ ಅರ್ಜಿ ಬಂದಿದೆಯೋ ಅದಕ್ಕೇ ಬಹುಮಾನ.

ಜಡೆ ಎಂಬ ಊರಿನ ಕಡೆಯ ಮುದುಕ ಶಾನುಭೋಗರೊಬ್ಬರು ಕೈ ಎತ್ತಿದರು. "ಸ್ವಾಮಿ, ಅರ್ಜಿ ಕೊಡದೇನೇ ಹೊಡೆದಾಡಿಕೊಂಡ್ರೆ ಎಂತ ಮಾಡೋದು?"

"ಅದು ಪೊಲೀಸರಿಗೆ ಸೇರಿದ್ದು. ನಮ್ಮದು ಸಾಮರಸ್ಯ."

"ಹೊಡೆದಾಡದೆ ಒಳಗೊಳಗೇ ಕುದೀತಿದ್ರೆ?"

ಶಿವಮೂರ್ತಪ್ಪನವರು ಸುತ್ತೋಲೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. ಕುದಿಯುವುದರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. "ಕುದೀಲಿ ಬಿಡ್ರೀ," ಎಂದರು. "ಬರವಣಿಗೇಲಿ ಬರಬಾರದು, ಅಷ್ಟೇ."

ಆನಂದಪ್ಪ ಇದನ್ನೆಲ್ಲ ತನ್ನ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದುಕೊಂಡ. ಅವನಿಗೆ ಇಪ್ಪತ್ತೆಂಟು ವರ್ಷ. ಆ ವರ್ಷವೇ ಅವನ ನೌಕರಿ ಖಾಯಂ ಆಗಬೇಕಿತ್ತು. ಖಾಯಂ ಆಗದ ನೌಕರನಿಗೆ ಮೇಲಿನವರ ಮಾತುಗಳಲ್ಲಿ ಹುಳುಕು ಕಾಣುವಷ್ಟು ದೃಷ್ಟಿ ಇರುವುದಿಲ್ಲ. ಸಭೆ ಮುಗಿದ ಮೇಲೆ ಅವನಿಗೆ ಒಂದು ಕೆಂಪು ದಫ್ತರ ಕೊಟ್ಟರು. ಬಿದರಗೊಪ್ಪದ ತಕರಾರುಗಳೆಲ್ಲ, ಹಳೆಯವೂ ಹೊಸವೂ, ಅದರಲ್ಲಿ ನಮೂದಾಗಬೇಕು. ಬಂದ ಅರ್ಜಿಯನ್ನು ಬೇಡ ಎನ್ನುವ ಅಧಿಕಾರ ಗ್ರಾಮಸೇವಕನಿಗಿಲ್ಲ ಎಂದು ಅದರ ಮೊದಲ ಪುಟದಲ್ಲಿ ಅಚ್ಚು ಹಾಕಿತ್ತು. ಅದನ್ನು ಅಚ್ಚು ಹಾಕಿಸಿದವರೂ ಮುಂದೆ ಪಶ್ಚಾತ್ತಾಪ ಪಟ್ಟಿರಬೇಕು.

ಬಿದರಗೊಪ್ಪಕ್ಕೆ ಸೇತುವೆ ನಿಜವಾಗಿಯೂ ಬೇಕಿತ್ತು. ಊರಿಗೂ ಶಿಕಾರಿಪುರದ ದಾರಿಗೂ ನಡುವೆ ಹುಣಸೆಹಳ್ಳ. ಮಳೆಗಾಲದಲ್ಲಿ ಬಸುರಿಯರನ್ನು ಕಂಬಳಿಯ ಜೋಲಿಯಲ್ಲಿ ಆಚೆ ದಾಟಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸೇತುವೆ ಬೇಕಾದದ್ದು ಪಟೇಲ ಚಂದ್ರಶೇಖರಪ್ಪನವರಿಗೆ. ಅವರ ಮನೆಯ ಗಾಡಿಗಳೇ ನಾಲ್ಕು. ಹಿಂದಿನ ಮಳೆಗಾಲದಲ್ಲಿ ಎರಡು ಗಾಡಿ ಹಳ್ಳದಲ್ಲಿ ಮಗುಚಿ, ಭತ್ತ ಶಿಕಾರಿಪುರ ಮುಟ್ಟುವ ಮೊದಲು ಮೂಟೆಯಲ್ಲೇ ಮೊಳಕೆ ಒಡೆದಿತ್ತು. ಸುತ್ತೋಲೆ ಬಂದ ಮರುದಿನವೇ ಅವರು ತಮ್ಮ ಜಗಲಿಯಲ್ಲಿ ಊರು ಸೇರಿಸಿದರು.

"ಶಾಂತಿಗಿಂತ ದೊಡ್ಡದು ಯಾವುದೈತಿ?" ಎಂದು ಕೇಳಿದರು. ಸೇತುವೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಕೆಂಪು ದಫ್ತರದಲ್ಲಿ ಮೂರು ಅರ್ಜಿಗಳಿದ್ದವು. ಮೊದಲನೆಯದು ಉಜ್ಜಪ್ಪನಿಗೂ ಅವನ ತಮ್ಮನಿಗೂ ಇದ್ದ ಹಲಸಿನ ಮರದ ತಕರಾರು. ಊರಿನ ಹಿರಿಯರು ಹೋಗಿ ಮರವನ್ನೇ ಕಡಿಸಿದರು. ಅಣ್ಣ ತಮ್ಮಂದಿರು ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು. ಮುಖ ನೋಡದಿರುವುದಕ್ಕೆ ಅರ್ಜಿ ಕೊಡುವ ಪದ್ಧತಿ ಇಲ್ಲದ್ದರಿಂದ ಅದು ಸಾಮರಸ್ಯದ ಲೆಕ್ಕಕ್ಕೆ ಸೇರಿತು. ಎರಡನೆಯದು ಗಾಡಿ ಹೊಡೆಯುವ ಉಚ್ಚಂಗಪ್ಪನದು. ಸುಗ್ಗಿಯ ಕಣದಲ್ಲಿ ಪಟೇಲರ ಭಾವಮೈದುನ ಅವನ ಬೆನ್ನಿನ ಮೇಲೆ ಬಾರುಕೋಲು ಮುರಿದಿದ್ದ. ಉಚ್ಚಂಗಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು, ದೀಪಾವಳಿಯ ತನಕ ಜಡೆಯ ಹತ್ತಿರದ ಮಾವನ ಮನೆಯಲ್ಲಿ ಸುಖವಾಗಿರು ಎಂದು ಅವನನ್ನು ಹೆಂಡತಿ ಸಮೇತ ಕಳಿಸಿಕೊಟ್ಟರು. ಎರಡು ದಿನದಲ್ಲಿ ಎರಡು ವ್ಯಾಜ್ಯ ತೀರ್ಮಾನವಾಯಿತು. ಆನಂದಪ್ಪ ವರದಿ ಬರೆದ. ಶಿವಮೂರ್ತಪ್ಪನವರು ಅದರ ಅಂಚಿನಲ್ಲಿ ‘ಶಹಬಾಸ್’ ಎಂದು ಬರೆದು ಕಳಿಸಿದರು.

ಮೂರನೆಯದು ಹೂವಮ್ಮನ ಅರ್ಜಿ.

ಹೂವಮ್ಮ ಕೆಳಗಿನ ಕೇರಿಯ ವಿಧವೆ. ಕೆರೆಯ ಕೆಳಗೆ ಅವಳದೊಂದು ಒಂದೂವರೆ ಎಕರೆ ಗದ್ದೆ. ತೂಬಿನಿಂದ ಆ ಗದ್ದೆಗೆ ಬರುವ ಕಾಲುವೆ ಪಟೇಲರ ಗದ್ದೆಯ ಅಂಚಿನಲ್ಲಿ ಹಾದು ಬರುತ್ತಿತ್ತು. ಗಂಡ ಜಟ್ಟಪ್ಪ ತೀರಿಕೊಂಡ ವರ್ಷವೇ ಆ ಕಾಲುವೆಯೂ ತೀರಿಕೊಂಡಿತು. ಪಟೇಲರು ಅದಕ್ಕೆ ಮಣ್ಣು ತುಂಬಿ, ಸಮ ಮಾಡಿ, ತಮ್ಮ ಗದ್ದೆಗೆ ಸೇರಿಸಿಕೊಂಡರು. ಕಾಲುವೆ ಎಂಬುದು ಅಲ್ಲಿ ಇರಲೇ ಇಲ್ಲ ಎಂದು ಅವರು ಹೇಳಿದ ಮೇಲೆ ಊರಿನ ಅರ್ಧ ಜನಕ್ಕೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂತು. ಅಂದಿನಿಂದ ಹೂವಮ್ಮನ ಗದ್ದೆ ಬರೀ ಮಳೆಯ ಮೇಲೆ ನಿಂತಿತು. ತೆನೆ ಹಾಲು ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ನಿಲ್ಲುತ್ತಿತ್ತು, ಅರ್ಧ ಬೆಳೆ ಜೊಳ್ಳಾಗುತ್ತಿತ್ತು. ಅವಳು ಅರ್ಜಿ ಬರೆಸಿ ಕೊಟ್ಟು ಆರು ವರ್ಷವಾಗಿತ್ತು.

ಆನಂದಪ್ಪನಿಗೆ ಈ ಕಥೆ ಗೊತ್ತಿತ್ತು. ಅವಳು ಅವನ ಹತ್ತಿರವೂ ನಾಲ್ಕು ಸಲ ಬಂದಿದ್ದಳು. ನಾಲ್ಕು ಸಲವೂ ಅವನು, "ನಮ್ಮದು ಗೊಬ್ಬರದ ಇಲಾಖೆ ಕಣಮ್ಮ, ನೀರಿನದ್ದು ಬೇರೆ," ಎಂದಿದ್ದ. ಈಗ ಅವಳನ್ನು ಒಪ್ಪಿಸುವ ಕೆಲಸವೂ ಅವನ ತಲೆಗೇ ಬಂತು. ಸುತ್ತೋಲೆ ಮಡಿಚಿ ಜೇಬಿನಲ್ಲಿಟ್ಟುಕೊಂಡು ಅವಳ ಅಂಗಳಕ್ಕೆ ಹೋದಾಗ ಅವಳು ಎಮ್ಮೆಗೆ ಹಗ್ಗ ಹೊಸೆಯುತ್ತಿದ್ದಳು.

"ಎಂತ ಗೊಬ್ಬರದ ಸ್ವಾಮಿ, ನಮ್ಮನೆ ಕಡೆ?"

"ಗೊಬ್ಬರ ಅಲ್ಲಮ್ಮ, ಶಾಂತಿ ವಿಷಯ."

"ಶಾಂತಿನಾ? ಯಾರ ಮನೇಲಿ ಎಂತ ಆತು?"

ಯಾರ ಮನೆಯಲ್ಲೂ ಏನೂ ಆಗಿಲ್ಲವೆಂದೂ, ಇದು ಭಟ್ಟರು ಮಾಡುವ ಶಾಂತಿಯಲ್ಲ, ಸರ್ಕಾರದ ಶಾಂತಿಯೆಂದೂ ಅವನು ವಿವರಿಸಿದ. ಸೇತುವೆಯ ವಿಷಯ ಹೇಳಿದ. ಬಸುರಿಯರ ವಿಷಯ ಹೇಳಿದ. ಊರಿಗಾಗಿ ಒಬ್ಬರು ಸ್ವಲ್ಪ ಬಿಟ್ಟುಕೊಟ್ಟರೆ ಎಷ್ಟು ದೊಡ್ಡ ಹೆಸರು ಎಂದ. ತನ್ನ ಮಾತು ತನಗೇ ಎಲ್ಲೋ ಪಿಚ್ಚೆನಿಸಿ ನಡುವೆ ಕೆಮ್ಮಿದ. ಹೂವಮ್ಮ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದಳು.

"ಆ ಕಾಗದ ಓದಿ," ಎಂದಳು.

ಅವನು ಓದಿದ. ‘ಒಂದೇ ಒಂದು ಅರ್ಜಿ ಬಾಕಿಯಿದ್ದರೂ ಸದರಿ ಗ್ರಾಮವನ್ನು ಪರಿಗಣಿಸತಕ್ಕದ್ದಲ್ಲ’ ಎಂಬ ಸಾಲಿಗೆ ಬಂದಾಗ, "ಇನ್ನೊಂದ್ಸಲ," ಎಂದಳು. ಮೂರು ಸಲ ಓದಿಸಿದಳು.

"ಅಂದ್ರೆ, ನನ್ನ ಅರ್ಜಿ ಇರೋ ತನಕ ಸೇತುವೆ ಇಲ್ಲ."

"ಇಲ್ಲಮ್ಮ."

"ಪಟೇಲ್ರಿಗೂ ಇಲ್ಲ."

"ಯಾರಿಗೂ ಇಲ್ಲ."

ಹೂವಮ್ಮ ಮತ್ತೆ ಹಗ್ಗ ಹೊಸೆಯತೊಡಗಿದಳು. "ಆರು ವರ್ಷ ಆ ಕಾಗದಕ್ಕೆ ಯಾರ ಮೇಜಿನ ಮೇಲೂ ಕೂರಕೆ ಜಾಗ ಸಿಗ್ಲಿಲ್ಲ. ಈಗ ಇಡೀ ಊರಿನ ತಲೆ ಮೇಲೆ ಕೂತದೆ. ಕೂತಿರ್ಲಿ ಬಿಡಿ ಮಾರಾಯ್ರೆ. ಪಾಪ, ತಿರುಗಿ ತಿರುಗಿ ದಣಿದಿತ್ತು."

ಆನಂದಪ್ಪ ಬರಿಗೈಯಲ್ಲಿ ವಾಪಸು ಬಂದ. ದಾರಿಯಲ್ಲಿ ಅವನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಇದು ಅವನಿಗೇ ಆಶ್ಚರ್ಯವಾಯಿತು.

ಮುಂದಿನ ಹದಿನೈದು ದಿನ ಬಿದರಗೊಪ್ಪ ಹೂವಮ್ಮನನ್ನು ಪ್ರೀತಿಸಿತು. ಜಟ್ಟಪ್ಪ ಸತ್ತಾಗ ಹೆಗಲು ಕೊಡಲು ಬರದವರು ಸೌತೆಕಾಯಿ ಹಿಡಿದುಕೊಂಡು ಬಂದರು. ಪಟೇಲರ ಹೆಂಡತಿ ಹಾಲಮ್ಮ, ಎಂದೂ ಕೆಳಗಿನ ಕೇರಿಗೆ ಇಳಿಯದವರು, ಒಂದು ಬಟ್ಟಲು ಹೋಳಿಗೆ ತಂದುಕೊಟ್ಟು, ಶಿಕಾರಿಪುರಕ್ಕೆ ಕೊಟ್ಟ ಮಗಳು ಮಳೆಗಾಲದಲ್ಲಿ ತವರಿಗೆ ಬರಲಾಗುವುದಿಲ್ಲವೆಂದು ಕಣ್ಣು ಒರೆಸಿಕೊಂಡರು. ಹೂವಮ್ಮ ಸೌತೆಕಾಯಿ ತಿಂದಳು, ಹೋಳಿಗೆ ತಿಂದಳು, ಹಾಲಮ್ಮನ ಜೊತೆ ತಾನೂ ಕಣ್ಣು ಒರೆಸಿಕೊಂಡಳು. ಅರ್ಜಿ ಮಾತ್ರ ಇದ್ದಲ್ಲೇ ಇತ್ತು.

ಪ್ರೀತಿ ಫಲಿಸದಾಗ ಊರು ಶಾಂತಿ ಸ್ಥಾಪನೆಯ ಎರಡನೇ ಹಂತಕ್ಕೆ ಇಳಿಯಿತು. ಅವಳ ಉಳುಮೆಗೆ ಎತ್ತು ಸಿಗಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವಳ ಸಸಿ ಮಡಿಯಲ್ಲಿ ಯಾರದೋ ದನ ಮೇದು, ಹೊರಳಾಡಿ ಹೋಗಿದ್ದವು. ಊರಿನ ನೆಮ್ಮದಿ ಕೆಡಿಸಿದವಳಿಗೆ ಇಷ್ಟಾದರೂ ಆಗಬೇಡವೇ ಎಂದು ಶಾಂತಿಪ್ರಿಯರು ಅಂದುಕೊಂಡರು.

ಆನಂದಪ್ಪ ಹೋಗಿ ನೋಡಿದ. ಕೈಯಗಲದ ಹಸಿರೂ ಉಳಿದಿರಲಿಲ್ಲ. ಹೂವಮ್ಮ ಬದುವಿನ ಮೇಲೆ ಕೂತಿದ್ದಳು. ಅವಳ ಕಣ್ಣು ಕೆಂಪಗಿದ್ದವು. ಈ ಸಲ ಅದು ಹಾಲಮ್ಮನಿಗೆ ತೋರಿಸಲು ಒರೆಸಿಕೊಂಡ ಕಣ್ಣಲ್ಲ. ಅವನು ಹತ್ತಿರ ಬಂದಾಗ ಅವಳೇ ಕೇಳಿದಳು.

"ದನ ಬಿಟ್ಟಿದ್ದಕ್ಕೂ ಅರ್ಜಿ ಕೊಡಬಹುದನಾ?"

"ಕೊಡಬಹುದು."

"ಎತ್ತು ಕೊಡದಿದ್ದಕ್ಕೆ?"

"ಅದಕ್ಕೂ... ಕೊಟ್ಟರೆ ನಾನು ಬರ್ಕೋಬೇಕು. ನನಗೆ ಬೇಡ ಅನ್ನೋ ಅಧಿಕಾರ ಇಲ್ಲ."

"ಹಂಗಂತ ಪಟೇಲ್ರಿಗೆ ಹೇಳಿ ಬನ್ನಿ. ಹೂವಮ್ಮಂಗೆ ಇನ್ನೂ ಹನ್ನೊಂದು ಅರ್ಜಿ ಹೊಳೆದಾವೆ ಅಂತ ಹೇಳಿ."

ಆನಂದಪ್ಪ ಪಟೇಲರ ಜಗಲಿಗೆ ಹೋಗಿ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಹೇಳುವಾಗ ತನ್ನ ದನಿಯಲ್ಲಿ ಸಂತೋಷ ಕಾಣದಂತೆ ಬಹಳ ಎಚ್ಚರ ವಹಿಸಿದ. ಮರುದಿನವೇ ಎರಡು ಮನೆಗಳಿಂದ ಹೂವಮ್ಮನಿಗೆ ಮಿಕ್ಕ ಸಸಿ ಬಂತು, ಒಂದು ಜೊತೆ ಎತ್ತೂ ಬಂತು. ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು.

ಶ್ರಾವಣದಲ್ಲಿ ಹಳ್ಳ ತುಂಬಿತು. ಪಟೇಲರ ಒಂದು ಗಾಡಿಯ ಅಚ್ಚು ಹಳ್ಳದ ನಡುವೆ ಮುರಿದು, ಎತ್ತುಗಳನ್ನು ಬಿಡಿಸುವಷ್ಟರಲ್ಲಿ ಅವರ ಆಳಿನ ಕಾಲು ಜಜ್ಜಿಹೋಯಿತು. ಅಂದು ಸಂಜೆ ಅವರೇ ಕೆರೆಯ ಏರಿಯ ಮೇಲೆ ಹೂವಮ್ಮನನ್ನು ಕರೆಸಿದರು. ಆನಂದಪ್ಪ ಸಾಕ್ಷಿಗೆಂದು ನಿಂತಿದ್ದ.

"ನೋಡವ್ವ, ನಾನು ದೊಡ್ಡ ಮನಸು ಮಾಡೀನಿ," ಎಂದರು ಪಟೇಲರು. "ಕಾಲುವೆ ಇರಲಿಲ್ಲ, ಅದು ಬ್ಯಾರೆ ಮಾತು. ಆದ್ರೂ ಬಿಡ್ತೀನಿ. ನೀನು ಮೊದಲು ಅರ್ಜಿ ವಾಪಸ್ ತಗೋ."

"ನೀರು ನನ್ನ ಗದ್ದೆ ಮುಟ್ಟಿದ ಮೇಲೆ ತಗಳ್ತೆ."

"ನನ್ನ ಮಾತಿನ ಮ್ಯಾಲೆ ನಂಬಿಕೆ ಇಲ್ಲೇನು?"

"ನಂಬಿಕೆ ಅದೆ ಒಡೆಯ. ಕಾಲುವೆ ಇರಲೇ ಇಲ್ಲ ಅಂದಿದ್ದೂ ನಿಮ್ಮ ಮಾತೇ ಅಲ್ದಾ? ಈ ಸಲ ಅಳತೆ ಮಾಡ್ಸಿ, ಕಲ್ಲು ನೆಡ್ಸಿ, ಬರಹ ಮಾಡಿ ಕೊಡಿ. ಆಮೇಲೆ ನಿಮ್ಮ ಮಾತು, ನನ್ನ ಮಾತು, ಎರಡೂ ಬೇಡ."

ಪಟೇಲರ ಮುಖ ಕಪ್ಪಾಯಿತು. ಸರ್ವೇಯರು ಬರುವುದು ಸೇತುವೆ ಬರುವುದಕ್ಕಿಂತ ಕಷ್ಟವೆಂದು ಅವರಿಗೆ ಗೊತ್ತಿತ್ತು. ಪ್ರಾಯಶಃ ಆ ಧೈರ್ಯದಿಂದಲೇ "ಆಗಲಿ" ಎಂದರು. ಆಗ ಆನಂದಪ್ಪ ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡ: "ನಾನು ಕರಕೊಂಡು ಬರ್ತೀನಿ."

ಮರುದಿನ ಸೈಕಲ್ಲನ್ನು ಕೆಸರಿನಲ್ಲಿ ಅರ್ಧ ತುಳಿದು ಅರ್ಧ ಹೊತ್ತು ಸೊರಬ ಮುಟ್ಟಿದ. ಸರ್ವೇಯರು ಮಲ್ಲೇಶಪ್ಪ ಸಜ್ಜನ. ಬಿದರಗೊಪ್ಪದಲ್ಲಿ ಅಳೆಯಬೇಕಾದ್ದೊಂದಿದೆ ಎಂದು ಇವತ್ತಿನ ತನಕ ತನಗೆ ಯಾರೂ ಹೇಳಿಯೇ ಇಲ್ಲ ಎಂದರು. ಆರು ವರ್ಷದ ಅರ್ಜಿ ಅವರ ತನಕ ಬಂದೇ ಇರಲಿಲ್ಲ. ಆನಂದಪ್ಪ ನ್ಯಾಯದ ಮಾತು ಎತ್ತಲಿಲ್ಲ. ಅದಕ್ಕೆ ಗಾಡಿ ಹೊರಡುವುದಿಲ್ಲವೆಂದು ಅಷ್ಟರಲ್ಲಿ ಕಲಿತಿದ್ದ. ನಮ್ಮ ಊರು ಬಹುಮಾನದ ಪಟ್ಟಿಯಲ್ಲಿದೆ, ಒಂದು ಅಳತೆಗೆ ನಿಂತಿದೆ, ಯಾರಿಂದ ತಡವಾಯಿತು ಎಂದು ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದಷ್ಟೇ ಹೇಳಿದ. ಮಲ್ಲೇಶಪ್ಪನವರು ಮೂರನೆಯ ದಿನ ಸರಪಣಿ ಹೊರಿಸಿಕೊಂಡು ಬಂದಿಳಿದರು.

ನಕ್ಷೆಯಲ್ಲಿ ಕಾಲುವೆ ಸ್ಪಷ್ಟವಾಗಿತ್ತು. ಇರಲೇ ಇಲ್ಲವೆಂದ ಕಾಲುವೆ ಮೂರಡಿ ಅಗಲವಿತ್ತು. ಕಲ್ಲು ನೆಟ್ಟರು. ಪಟೇಲರ ಆಳುಗಳೇ ಮಣ್ಣು ತೆಗೆದರು. ತೂಬಿನ ನೀರು ಕಸ, ಕಡ್ಡಿ, ಸತ್ತ ಏಡಿಗಳನ್ನು ತಳ್ಳಿಕೊಂಡು ಬಂದು ಹೂವಮ್ಮನ ಗದ್ದೆಯ ಬಾಯಲ್ಲಿ ಒಂದು ಕ್ಷಣ ನಿಂತು ಒಳಗೆ ಇಳಿಯಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನಲ್ಲಿ ನಿಂತಿದ್ದಳು. ಬಗ್ಗಿ ಮೊದಲ ಮಡಿಯ ಬಾಯಿ ಬಿಡಿಸಿದಳು, ಎರಡನೆಯದನ್ನು ಬಿಡಿಸಿದಳು, ಕೊನೆಯ ಮಡಿಗೆ ನೀರು ಹೋದ ಮೇಲೆ ಬಂದು ಕೆಂಪು ದಫ್ತರದಲ್ಲಿ ಕೆಸರಿನ ಹೆಬ್ಬೆಟ್ಟು ಒತ್ತಿದಳು.

ಬಿದರಗೊಪ್ಪ ಅರ್ಜಿಯಿಲ್ಲದ ಊರಾಯಿತು. ದೀಪಾವಳಿಗೆ ಇನ್ನೂ ಎರಡೂವರೆ ತಿಂಗಳಿತ್ತು. ಈ ಸ್ಥಿತಿ ಮಾರನೆಯ ಬೆಳಿಗ್ಗೆಯ ತನಕ ಉಳಿಯಿತು.

ಬೆಳಿಗ್ಗೆ ಆನಂದಪ್ಪ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಉಜ್ಜಪ್ಪ ಕೂತಿದ್ದ. ಅವನ ಹಿಂದೆ ಎಂಟು ಹತ್ತು ಜನ.

"ನಂದೊಂದು ಬರ್ಕಳಿ."

"ನಿಂದು ತೀರಿತಲ್ಲ ಮಾರಾಯ, ಮರಾನೇ ಇಲ್ಲ."

"ಅದೇ. ನನ್ನ ಮರ ಕಡ್ಸಿದವರ ಮೇಲೆ."

ಹೂವಮ್ಮನಿಗೆ ಆರು ವರ್ಷ ಸಿಗದ್ದು ನಾಲ್ಕು ತಿಂಗಳಲ್ಲಿ ಹೇಗೆ ಸಿಕ್ಕಿತೆಂಬುದನ್ನು ಊರು ತೂಬಿನ ಬಳಿ ನಿಂತು ಕಣ್ಣಾರೆ ನೋಡಿತ್ತು. ಎಂದೂ ಅರ್ಜಿ ಕೊಡದವರಿಗೆ ತಮ್ಮ ಹೊಟ್ಟೆಯೊಳಗಿದ್ದದ್ದೆಲ್ಲ ಒಮ್ಮೆಲೇ ನೆನಪಾಯಿತು. ಒತ್ತಿದ ಬದು, ಮುಚ್ಚಿದ ಕಾಲುದಾರಿ, ಕೊಡದ ಗೇಣಿ ಚೀಟಿ, ಸ್ಮಶಾನಕ್ಕೆ ಹೋಗುವ ದಾರಿಗೆ ಅಡ್ಡ ಹಾಕಿದ ಬೇಲಿ. ನಾಲ್ಕನೆಯ ದಿನ ಉಚ್ಚಂಗಪ್ಪ ಮಾವನ ಮನೆಯಿಂದ ಹೆಂಡತಿಯ ಸಮೇತ ಬಂದಿಳಿದ. ಸುದ್ದಿ ಜಡೆಯ ತನಕ ಹೋಗಿತ್ತು. ಅವನು ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಗಾಯ ಮಾಸಿದ್ದರೂ ಬಾಸುಂಡೆಯ ಗುರುತು ಇನ್ನೂ ಇತ್ತು. "ಇದನ್ನ ವಾಪಸ್ ತಗಳಕೆ ಆಗ್ಲಿಲ್ಲ ಸ್ವಾಮಿ, ಇಲ್ಲೇ ಅದೆ. ಮತ್ತೆ ಬರ್ಕಳಿ," ಎಂದ.

ಪಟೇಲರು ಹೇಳಿಕಳಿಸಿದರು. ಆನಂದಪ್ಪ ಹೋದ. ಜಗಲಿಯಲ್ಲಿ ಅವನಿಗೆ ಕೂರಲು ಹೇಳಲಿಲ್ಲ.

"ದಫ್ತರ ಮುಗಿದೈತಿ ಅಂತ ಹೇಳ್ರಿ ಅವರಿಗೆ. ಹಾಳೆ ಇಲ್ಲ ಅಂದ್ರೆ ಮುಗೀತು. ನಿಮ್ಮ ನೌಕರಿ ಇನ್ನೂ ಖಾಯಂ ಆಗಿಲ್ಲ, ಅಲ್ವೇನು?"

ದಫ್ತರ ನಿಜವಾಗಿಯೂ ಮುಗಿಯುತ್ತ ಬಂದಿತ್ತು. ಆನಂದಪ್ಪ ಬಿಡಾರಕ್ಕೆ ಬಂದು ಬಹಳ ಹೊತ್ತು ಅದರ ಉಳಿದ ಹಾಳೆ ಎಣಿಸುತ್ತ ಕೂತ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವಾಗಿತ್ತು. ಎರಡು ವರ್ಷ ಅವನು ಮಾಡಿದ್ದೂ ಅದೇ. ಬೇರೆ ಇಲಾಖೆ ಎಂದಿದ್ದ, ಮುಂದಿನ ತಿಂಗಳು ಎಂದಿದ್ದ. ಬಂದವರು ತಲೆ ಆಡಿಸಿ ಹೋಗಿದ್ದರು. ಅವರು ನಂಬಿ ಹೋಗಿದ್ದರೆಂದು ತಾನು ತಿಳಿದಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಮರುದಿನ ಸಂತೆಗೆ ಹೋಗಿ ಇನ್ನೂರು ಪುಟದ ಒಂದು ಪುಸ್ತಕ ತಂದ. ವಾರ ಮುಗಿಯುವಷ್ಟರಲ್ಲಿ ಅರ್ಜಿಗಳು ನಲವತ್ತಮೂರಾದವು.

ಭಾದ್ರಪದದಲ್ಲಿ ಶಿವಮೂರ್ತಪ್ಪನವರು ತನಿಖೆಗೆ ಬಂದರು. ಜೀಪು ಹುಣಸೆಹಳ್ಳದಲ್ಲಿ ಹೂತುಕೊಂಡಿತು. ಕೋಟನ್ನು ತಲೆಯ ಮೇಲೆ ಹೊತ್ತು, ಮೊಣಕಾಲ ತನಕ ನೆನೆದು ಊರು ಸೇರಿದರು. ಆನಂದಪ್ಪನ ಬಿಡಾರದಲ್ಲಿ ಕೂತು ದಫ್ತರ ತಿರುವುತ್ತ ಹೋದಂತೆ ಅವರ ಮುಖ ಒಣಗಿತು, ಬಟ್ಟೆ ಒಣಗಲಿಲ್ಲ.

"ಏನ್ರೀ ಇದು? ಸಾಮರಸ್ಯ ಬರೋಕೆ ಮೊದಲು ಮೂರು ಇತ್ತು. ಬಂದ ಮೇಲೆ ನಲವತ್ತಮೂರು! ನಿಮ್ಮ ಊರಲ್ಲಿ ಯುದ್ಧ ನಡದೈತೇನ್ರೀ?"

"ಜಗಳ ಹೆಚ್ಚಾಗಿಲ್ಲ ಸಾರ್. ಮೊದಲೂ ಇಷ್ಟೇ ಇತ್ತು. ಈಗ ಹೇಳ್ತಾ ಇದಾರೆ."

"ಹೇಳದಿದ್ದಾಗ ಚೆನ್ನಾಗಿರಲಿಲ್ವೇನ್ರೀ?"

"ನಮಗೆ ಚೆನ್ನಾಗಿತ್ತು ಸಾರ್."

ಶಿವಮೂರ್ತಪ್ಪನವರು ಅವನನ್ನು ದಿಟ್ಟಿಸಿ ನೋಡಿದರು. ಅವರು ಕೆಟ್ಟವರಲ್ಲ, ಹೆದರಿದವರು. ನಲವತ್ತಮೂರು ಅರ್ಜಿಗಳ ಸುದ್ದಿ ಬೆಂಗಳೂರು ಮುಟ್ಟಿದರೆ ಯೋಜನೆಯ ಗತಿ ಏನು, ತಮ್ಮ ಗತಿ ಏನು ಎಂದು ಲೆಕ್ಕ ಹಾಕಿ, ಹೇಗಾದರೂ ಇವನ್ನು ತೀರಿಸಲೇಬೇಕು ಎಂಬ ತೀರ್ಮಾನಕ್ಕೆ ಬಂದರು. ಕಂದಾಯದ ಶೇಕದಾರರು, ಸರ್ವೇಯರು, ಒಬ್ಬ ಪೊಲೀಸು ಜಮಾದಾರ, ಎಲ್ಲರನ್ನೂ ಕರೆಸಿದರು. ಊರಿನ ಶಾಲೆಯಲ್ಲಿ ನಾಲ್ಕು ದಿನ ವಿಚಾರಣೆ ನಡೆಯಿತು. ಬಿದರಗೊಪ್ಪ ಹುಟ್ಟಿದ ಲಾಗಾಯ್ತು ಇಷ್ಟು ಜನ ಅಧಿಕಾರಿಗಳು ಒಟ್ಟಿಗೆ ಆ ಊರಿನ ಮಾತು ಕೇಳಿದ್ದು ಅದೇ ಮೊದಲು. ಕೇಳಲು ಬಂದವರು ಇದನ್ನು ಒಂದು ಅಪಮಾನವೆಂದು ತಿಳಿದಿದ್ದರು.

ಕಿರಿಚಾಟವೂ ನಡೆಯಿತು. ಎರಡನೆಯ ದಿನ ಉಜ್ಜಪ್ಪನ ತಮ್ಮ ಶೇಕದಾರರ ಎದುರಿಗೇ ಅಣ್ಣನಿಗೆ ಕೊಡೆಯಿಂದ ಬಾರಿಸಿದ. ಇಬ್ಬರೂ ಹಲಸಿನ ಮರ ಕಡಿಸಿದವರ ಮೇಲೆ ಒಟ್ಟಿಗೆ ದೂರು ಕೊಡುವ ತನಕ ಆ ಜಗಳ ನಿಲ್ಲಲಿಲ್ಲ. ಪಟೇಲರ ಭಾವಮೈದುನ ನಾಲ್ಕು ಜನರ ಎದುರು ಉಚ್ಚಂಗಪ್ಪನಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ಅವನು ನೆಲ ನೋಡುತ್ತ ಗೊಣಗಿದ, ಜಮಾದಾರ "ಕೇಳಿಸಲಿಲ್ಲ" ಎಂದ, ಇನ್ನೊಮ್ಮೆ ಹೇಳಿಸಿದ. ಬೇಲಿ ತೆಗೆಸಿದರು. ಬದುಗಳಿಗೆ ಕಲ್ಲು ಬಿದ್ದವು. ನಾಲ್ಕನೆಯ ದಿನದ ಸಂಜೆ ಲೆಕ್ಕ ಹಾಕಿದರೆ ಮೂವತ್ತು ಅರ್ಜಿ ತೀರಿದ್ದವು, ಹದಿಮೂರು ಉಳಿದವು. ಉಳಿದವು ಉಳಿಯುವಂಥವೇ. ಗೇಣಿ ಚೀಟಿಯ ಮಾತು ಬಂದಾಗ ಶೇಕದಾರರಿಗೆ ಊಟದ ನೆನಪಾಗಿತ್ತು.

ಹದಿಮೂರು ಬಾಕಿಯಿರುವ ಊರಿಗೆ ಸೇತುವೆ ಇಲ್ಲ. ಬಹುಮಾನ ಶಿಕಾರಿಪುರ ತಾಲ್ಲೂಕಿನ ಹಳೇ ಮುದುವಾಲಕ್ಕೆ ಹೋಯಿತು. ಅಂಬ್ಲಿಗೊಳದ ಕಡೆಗಿನ ಆ ಗ್ರಾಮದ ಹೆಸರಿನಲ್ಲಿ ದೀಪಾವಳಿಯ ದಿನ ಒಂದೂ ಅರ್ಜಿ ಬಾಕಿ ಇರಲಿಲ್ಲ. ಹಿಂದಿನ ಹತ್ತು ವರ್ಷದಲ್ಲೂ ಒಂದೂ ಬಂದಿರಲಿಲ್ಲ. ಅದು ಬೇಚರಾಕ್ ಗ್ರಾಮ, ಎಂದರೆ ದೀಪ ಹಚ್ಚುವವರೇ ಇಲ್ಲದ ಊರು. ಹಿಂದೆಂದೋ ಪ್ಲೇಗು ಬಂದಾಗ ಜನ ಬಿಟ್ಟುಹೋದ ಮೇಲೆ ಅಲ್ಲಿ ಒಂದು ಮುರುಕು ಗುಡಿ, ಎರಡು ಹುಣಸೆ ಮರ ಮತ್ತು ಕಂದಾಯದ ಪುಸ್ತಕದಲ್ಲಿ ಒಂದು ಹೆಸರು ಮಾತ್ರ ಉಳಿದಿದ್ದವು. ಗುಮಾಸ್ತರು ಹೇಳಿದಾಗ ಶಿವಮೂರ್ತಪ್ಪನವರು ಸುತ್ತೋಲೆಯನ್ನು ಮತ್ತೆ ಓದಿದರು. ಗ್ರಾಮದಲ್ಲಿ ಜನ ಇರಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಸಮಾರಂಭಕ್ಕೆ ಆನಂದಪ್ಪನೂ ಹೋಗಿದ್ದ. ಪ್ರಶಸ್ತಿ ಪತ್ರ ಪಡೆಯಲು ಗ್ರಾಮಸ್ಥರು ಸಿಗದ ಕಾರಣ ಆ ಭಾಗದ ಶೇಕದಾರರೇ ಹಾರ ಹಾಕಿಸಿಕೊಂಡರು. ಭಾಷಣಕಾರರು ಹಳೇ ಮುದುವಾಲದ ಜನರ ಸಹನೆಯನ್ನೂ, ಮೌನವನ್ನೂ ಹೊಗಳಿ ಎಲ್ಲ ಗ್ರಾಮಗಳೂ ಅವರಂತಾಗಲಿ ಎಂದು ಹಾರೈಸಿದರು. ಚಪ್ಪಾಳೆ ಬಿತ್ತು. ಮುಂದೆ ಸೇತುವೆಯೂ ಆಯಿತು, ಗಟ್ಟಿಯಾದ ಸೇತುವೆ. ಬೇಸಿಗೆಯಲ್ಲಿ ಎಮ್ಮೆಗಳು ಅದರ ನೆರಳಿನಲ್ಲಿ ಮಲಗುತ್ತವೆ.

ಆನಂದಪ್ಪನಿಗೆ ಸಿಕ್ಕಿದ್ದು ಒಂದು ಮೆಮೊ: ‘ವ್ಯಾಜ್ಯಗಳಿಗೆ ಅನಗತ್ಯ ಉತ್ತೇಜನ ನೀಡಿದ್ದಕ್ಕಾಗಿ.’ ನೌಕರಿ ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಜೊತೆಗೆ ವರ್ಗ. ಅವನ ಹೊಸ ವಲಯಕ್ಕೆ ಹಳೇ ಮುದುವಾಲವೂ ಸೇರಿತ್ತು. ಅಲ್ಲಿನ ಸಾಮರಸ್ಯ ಕೆಡದಂತೆ ನೋಡಿಕೊಳ್ಳಬೇಕೆಂದು ಆದೇಶದಲ್ಲಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅವನು ಬಿದರಗೊಪ್ಪದಿಂದ ಹೊರಟ. ಹೂವಮ್ಮನ ಗದ್ದೆಯ ಬದುವಿನ ಮೇಲೆ ಹಾದು ಹೋದ. ತೆನೆ ತುಂಬಿ ಬಾಗಿತ್ತು. ಅವಳು ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದಳು.

"ಹೊರಟ್ರಾ? ನನ್ನಿಂದ ನಿಮಗೆ ತೊಂದ್ರೆ ಆತು."

"ನಿಮ್ಮಿಂದ ಅಲ್ಲಮ್ಮ."

"ಸೇತುವೆ ಬರಲಿಲ್ಲ ಅಂತ ಊರಲ್ಲಿ ಅರ್ಧ ಜನ ನನಗೆ ಬಯ್ತಾ ಇದಾರೆ. ಬಯ್ಲಿ. ಬಸುರೇರ ವಿಷಯ ಮಾತ್ರ ನನಗೂ ಹೊಟ್ಟೆಲಿ ಚುಚ್ತದೆ." ಅವಳು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಕಾಳು ತೋರಿಸಿದಳು. ಜೊಳ್ಳು ಎರಡೋ ಮೂರೋ ಇದ್ದವು.

ಹಳ್ಳದಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು. ಪಟೇಲರ ಗಾಡಿ ಉಸುಕಿನಲ್ಲಿ ಕಚ್ಚಿಕೊಂಡು ನಿಂತಿತ್ತು. ಪಟೇಲರು ದಡದ ಬಂಡೆಯ ಮೇಲೆ ಕೂತಿದ್ದರು. ಆನಂದಪ್ಪನನ್ನು ನೋಡಿ ಮುಖ ತಿರುಗಿಸಿದರು. ಅವನು ಸೈಕಲ್ಲನ್ನು ನೀರಿಗೆ ತಳ್ಳುವ ಹೊತ್ತಿಗೆ ಕರೆದರು.

"ರೀ, ತಡೀರಿ. ನಿಮ್ಮ ಹತ್ರ ಹಾಳೆ ಐತೇನು?"

"ದಫ್ತರ ಒಪ್ಪಿಸಿಬಿಟ್ಟೆ. ಬಿಡಿ ಹಾಳೆ ಇದೆ. ಯಾಕೆ?"

"ನಂದೂ ಒಂದು ಅರ್ಜಿ ಬರೀರಿ."

"ಯಾರ ಮೇಲೆ?"

"ಸರ್ಕಾರದ ಮ್ಯಾಲೆ," ಎಂದರು ಪಟೇಲರು. "ಜನ ಇರೋ ಊರು ಬಿಟ್ಟು ಜನ ಇಲ್ಲದ ಊರಿಗೆ ಸೇತುವೆ ಕೊಟ್ಟಿದ್ದು ಯಾವ ನ್ಯಾಯ? ಹಂಗಂತ ಬರೀರಿ."

ಆನಂದಪ್ಪ ಸೈಕಲ್ಲು ನಿಲ್ಲಿಸಿ, ಅದರ ಸೀಟಿನ ಮೇಲೆ ಹಾಳೆ ಇಟ್ಟು ಬರೆದ. ಅವರು ಹೇಳಿದ್ದನ್ನೆಲ್ಲ ಬರೆದ, ಒಂದೆರಡು ಕಡೆ ಇನ್ನೂ ಖಾರವಾಗಿಯೇ ಬರೆದ. ಪಟೇಲರು ಓದಿ ನೋಡಿ ಸಹಿ ಹಾಕಿದರು. ಆಮೇಲೆ ಅವನು ಚಪ್ಪಲಿ ಬಿಚ್ಚಿಟ್ಟು, ಷರಾಯಿ ಮಡಿಚಿ, ನೀರಿಗಿಳಿದು ಗಾಡಿಯ ಗಾಲಿಗೆ ಹೆಗಲು ಕೊಟ್ಟ.